ಷ್ಟಾಮ್‌ತ್ಸೆಲ್ಲೆ ಮೀಮಾಂಸೆ ಅರ್ಥಾತ್ ಬುಡ ಹೋಗಿ ದಂಟು ಉಳಿದ ವೃತ್ತಾಂತ

ಕೋಶವೆಂದರೆ ಜೀವಕೋಶವೂ ಹೌದು, ನಿಘಂಟೂ ಹೌದು. ಆದಕಾರಣ ಕೋಶಗಳ ವಿಚಾರದಲ್ಲಿ ಬಾಯಿ ಹಾಕಲು ಸೂಕ್ಷ್ಮದರ್ಶಕ ಹಿಡಿದವನಿಗಿಂತ ಪದಕೋಶ ಹಿಡಿದವನಿಗೇ ಅಧಿಕಾರ ಹೆಚ್ಚೆಂಬುದು ಈ ಪ್ರಬಂಧದ ಪ್ರತಿಜ್ಞೆ. ಇದಕ್ಕೆ ಪ್ರಮಾಣ ಕೇಳುವವರು ಅನಧಿಕಾರಿಗಳು. ಅವರು ಇಲ್ಲಿಗೇ ಓದು ನಿಲ್ಲಿಸಬಹುದು.

ಮೊದಲಿಗೆ ಮೂಲವಿಚಾರ. ಜರ್ಮನಿಯ ಯೇನಾದ ಪ್ರಾಧ್ಯಾಪಕ ಅರ್ನ್ಸ್ಟ್ ಹೆಕೆಲ್‌ಗೆ ಸಕಲ ಜೀವಿಗಳ ವಂಶವೃಕ್ಷ ಬರೆಯುವ ಚಟ. 1868ರಲ್ಲಿ ಆ ವೃಕ್ಷದ ಬುಡದಲ್ಲಿ ಒಂಟಿ ಕೋಶದ ಮೂಲಪುರುಷನೊಬ್ಬನನ್ನು ಕೂರಿಸಿ ‘ಷ್ಟಾಮ್‌ತ್ಸೆಲ್ಲೆ’ ಎಂದು ಕರೆದ. 1877ರಲ್ಲಿ ಅದೇ ಹೆಸರನ್ನು ಫಲಿತ ಅಂಡಕ್ಕೂ ಕೊಟ್ಟ. ತಾತನ ಹೆಸರನ್ನು ಮೊಮ್ಮಗನಿಗಿಡುವ ಸಂಪ್ರದಾಯ ಜರ್ಮನಿಯಲ್ಲೂ ಉಂಟೆಂದು ಇದರಿಂದ ಸಿದ್ಧವಾಯಿತು. ಷ್ಟಾಮ್ ಎಂದರೆ ಮರದ ಬೊಡ್ಡೆ, ಕುಲ, ಬುಡಕಟ್ಟು. 1896ರಲ್ಲಿ ಅಮೆರಿಕದ ಇ. ಬಿ. ವಿಲ್ಸನ್ ತನ್ನ ಗ್ರಂಥದ ಮೂಲಕ ‘ಸ್ಟೆಮ್ ಸೆಲ್’ ಎಂಬುದನ್ನು ಇಂಗ್ಲಿಷಿನಲ್ಲಿ ಹರಡಿದ. ಸ್ಟೆಮ್‌ಗೂ ಕುಲವೆಂಬ ಅರ್ಥವುಂಟು, ಆದರೆ ಕಣ್ಣಿಗೆ ಮೊದಲು ಬೀಳುವುದು ದಂಟೇ. ಕನ್ನಡ ಪತ್ರಿಕೆಗಳು ಆ ದಂಟನ್ನೇ ಹಿಡಿದು ‘ಕಾಂಡಕೋಶ’ ಎಂದವು.

ಆಕ್ಷೇಪ: ಹಾಗಾದರೆ ‘ಬುಡಕೋಶ’ ಎನ್ನಬಾರದೇಕೆ? ಸಮಾಧಾನ: ಬುಡ ಕನ್ನಡ, ಕೋಶ ಸಂಸ್ಕೃತ, ಅರಿಸಮಾಸವಾಗಿ ಕೇಶಿರಾಜನ ಮುನಿಸಿಗೆ ಗುರಿಯಾಗಬೇಕು. ಹೆಕೆಲ್‌ಗೆ ಆ ಭಯವಿರಲಿಲ್ಲ. ಷ್ಟಾಮ್ ಅಚ್ಚ ಜರ್ಮನ್, ತ್ಸೆಲ್ಲೆ ಲ್ಯಾಟಿನ್ನಿನಿಂದ ಬಂದದ್ದು. ಎರಡನ್ನೂ ಬೆಸೆದು ನಿಶ್ಚಿಂತೆಯಿಂದ ಮಲಗಿದ.

ಸಮಾಸದಲ್ಲಿ ಜರ್ಮನ್ನರ ಧೈರ್ಯವೇ ಬೇರೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಸಿಗುವ ಕಾಂಡಕೋಶಗಳ ಕಸಿಗೆ ಅವರಲ್ಲಿ ಒಂದೇ ಪದ: ನಾಬೆಲ್‌ಷ್ನೂರ್‌ಬ್ಲೂಟ್‌ಷ್ಟಾಮ್‌ತ್ಸೆಲ್‌ಟ್ರಾನ್ಸ್‌ಪ್ಲಾಂಟಾತ್ಸಿಯೋನ್. ಬಾಣನ ಗದ್ಯ ಓದಿದವರಿಗೆ ಇದು ಅಲ್ಪಾಹಾರ. ಇಂಗ್ಲಿಷರು ಅವೇ ಆರು ತುಂಡುಗಳನ್ನು ಅದೇ ಕ್ರಮದಲ್ಲಿ ಜೋಡಿಸಿ, ನಡುವೆ ಐದು ಕಡೆ ಜಾಗ ಬಿಡುತ್ತಾರೆ, ಅಷ್ಟೆ. ಪದಕ್ಕಿಷ್ಟೆಂದು ಕೂಲಿ ಪಡೆಯುವ ಅನುವಾದಕ ಇಂಗ್ಲಿಷಿಗೆ ಹೋದರೆ ಒಂದಕ್ಕೆ ಆರು, ತಿರುಗಿ ಬಂದರೆ ಉಪವಾಸ. ಜರ್ಮನಿಯಲ್ಲಿ ಖಾಲಿ ಜಾಗವೂ ಸೇರಿ 55 ಅಕ್ಷರಗಳನ್ನು ಒಂದು ಸಾಲೆಂದು ಹಿಡಿದು ಕೂಲಿ ಕೊಡುವ ರೂಢಿ ಏಕೆ ಬಂತೆಂದು ಇನ್ನು ಯಾರೂ ಕೇಳಬೇಕಿಲ್ಲ.

ಮುಂದೆ ಕಾನೂನು. ಮಾನವ ಭ್ರೂಣದ ಕಾಂಡಕೋಶಗಳನ್ನು ಸಂಶೋಧನೆಗೆಂದು ಹೊರದೇಶದಿಂದ ತರಿಸುವುದಾದರೆ, ಅವು 2002ರ ಜನವರಿ 1ಕ್ಕೆ ಮೊದಲೇ ಪಡೆದವಾಗಿರಬೇಕೆಂದು ಜರ್ಮನಿ 2002ರಲ್ಲಿ ಕಾಯ್ದೆ ಮಾಡಿತು. 2008ರಲ್ಲಿ ಆ ದಿನವನ್ನು 2007ರ ಮೇ 1ಕ್ಕೆ ಸರಿಸಿತು. ಈ ಗಡುವಿಗೆ ಜರ್ಮನ್ನರು ‘ಚುಚ್ಚುವ ದಿನ’ ಎನ್ನುತ್ತಾರೆ, ಇಂಗ್ಲಿಷರು ‘ಕತ್ತರಿಸುವ ದಿನ’ ಎನ್ನುತ್ತಾರೆ. ಕೋಶಕ್ಕೆ ಯಾವುದರಿಂದ ನೋವು ಹೆಚ್ಚೆಂಬುದು ಬೇರೊಂದು ಮಹಾಪ್ರಬಂಧಕ್ಕೆ ವಿಷಯ.

ಕೊನೆಯದು ಮಜ್ಜಾಪ್ರಕರಣ, ಮಜ್ಜೆಯೂ ಕಾಂಡಕೋಶಗಳ ನೆಲೆಯಾದ್ದರಿಂದ. ಇಲ್ಲಿ ನಗು ಸಲ್ಲ. ಜರ್ಮನ್‌ನಲ್ಲಿ ಎಲುಬಿನೊಳಗಿನ ಮಜ್ಜೆಯೂ ‘ಮಾರ್ಕ್’, ಬೆನ್ನುಹುರಿಯೂ ‘ಮಾರ್ಕ್’: ಕ್ನೊಖೆನ್‌ಮಾರ್ಕ್, ರ್‍ಯುಕೆನ್‌ಮಾರ್ಕ್. ಇಂಗ್ಲಿಷ್ ಎರಡನ್ನೂ ಬೇರೆಮಾಡಿತು. ಕನ್ನಡ ಬೆನ್ನಿಗೆ ಹುರಿ, ಎಲುಬಿಗೆ ಮಜ್ಜೆ ಎಂದು ಮೊದಲೇ ಹಂಚಿಟ್ಟಿದೆ. ಜರ್ಮನಿಯಲ್ಲಿ ಮಾತ್ರ ಮಜ್ಜೆದಾನವೆಂದೊಡನೆ ಬೆನ್ನುಹುರಿಗೇ ಸೂಜಿ ಬೀಳುತ್ತದೆಂದು ಹೆದರುವವರಿದ್ದಾರೆ. ದಾನಿಗಳನ್ನು ನೋಂದಾಯಿಸುವ ಸಂಸ್ಥೆಗಳು ಇದನ್ನು ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಗುತ್ತದೆ. ಮಜ್ಜೆ ತೆಗೆಯುವುದು ಸೊಂಟದ ಎಲುಬಿನಿಂದ, ಅದೂ ಅರಿವಳಿಕೆ ಕೊಟ್ಟು. ಈಗಂತೂ ಬಹುಪಾಲು ದಾನಿಗಳಿಂದ ಕಾಂಡಕೋಶ ಪಡೆಯುವುದು ತೋಳಿನ ರಕ್ತನಾಳದಿಂದಲೇ.