ಜೀಪು ಕೊಲಂಬೊದಲ್ಲಿ, ನಾನು ದೊಡ್ಡಬಳ್ಳಾಪುರದಲ್ಲಿ

ಬೀಳ್ಕೊಡುಗೆ ಮಾಡಿಸಿಕೊಂಡವನು ಊರು ಬಿಡಲೇಬೇಕು. ಹಾರ ಹಾಕಿಸಿಕೊಂಡು, ಶಾಲು ಹೊದೆಸಿಕೊಂಡು, ಮೂರು ಭಾಷಣ ಕೇಳಿ, ಮರುವಾರ ಅದೇ ಬೀದಿಯಲ್ಲಿ ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತ ನಿಂತವನನ್ನು ಯಾವ ಊರೂ ಕ್ಷಮಿಸುವುದಿಲ್ಲ. ದೊಡ್ಡಬಳ್ಳಾಪುರವಂತೂ ಮೊದಲೇ ಇಲ್ಲ. “ಏನ್ ಸ್ವಾಮಿ, ಆಫ್ರಿಕಾದಲ್ಲಿ ಕೊತ್ತಂಬರಿ ಸಿಗಲ್ವಾ?” ಎಂದು ಸೊಪ್ಪಿನವಳೇ ಕೇಳಿದಳು.

ನನ್ನ ಆಸೆ ಸಣ್ಣದು: ಸ್ವಂತ ಜೀಪಿನಲ್ಲಿ ಮೊಂಬಾಸಾದಿಂದ ಕೇಪ್‌ಟೌನ್‌ಗೆ ಹೋಗುವುದು. ಇಲ್ಲಿಂದಲೇ ರಸ್ತೆ ಹಿಡಿಯಬಹುದಿತ್ತಲ್ಲ ಅನ್ನುತ್ತೀರಿ. ಪಶ್ಚಿಮದಲ್ಲಿ ಪಾಕಿಸ್ತಾನ ನಮ್ಮ ಗಾಡಿ ಬಿಡುವುದಿಲ್ಲ. ಪೂರ್ವದ ಮ್ಯಾನ್ಮಾರ್‌ನಲ್ಲಿ 2021ರ ಸೇನಾ ದಂಗೆಯಾದ ಮೇಲೆ ಗುಂಡಿನ ಸದ್ದು ನಿಂತಿಲ್ಲ. ಉತ್ತರಕ್ಕೆ ಹಿಮಾಲಯ, ಅದನ್ನು ದಾಟಿದರೆ ಚೀನಾದ ಅರ್ಜಿ ಫಾರಂಗಳು. ಉಳಿದದ್ದು ಸಮುದ್ರ. ಕೀನ್ಯಾದಿಂದ ದಕ್ಷಿಣ ಆಫ್ರಿಕಾದವರೆಗೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸುತ್ತಾರೆ ಎಂದು ತಿಳಿದಾಗ, ಬ್ರಿಟಿಷರ ಮೇಲೆ ಜೀವಮಾನದಲ್ಲಿ ಮೊದಲ ಬಾರಿಗೆ ಪ್ರೀತಿ ಬಂತು.

ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ ಜೀಪನ್ನು ಇಪ್ಪತ್ತಡಿ ಪೆಟ್ಟಿಗೆಗೆ ಏರಿಸಿದೆವು. ಪೆಟ್ಟಿಗೆಯ ಬಾಗಿಲು 2.28 ಮೀಟರ್ ಎತ್ತರ. ಹಾಗಾಗಿ ಚಾವಣಿಯ ಮೇಲಿದ್ದ ಟೆಂಟು ಕೆಳಗಿಳಿಯಿತು. ಗಾಡಿ ಒಳಗೆ ಹೋಯಿತು, ನನಗೆ ಹೊರಗೆ ಬರಲಾಗಲಿಲ್ಲ: ಎರಡೂ ಕಡೆ ಬಾಗಿಲು ತೆರೆಯುವಷ್ಟು ಜಾಗವಿಲ್ಲ. ಹಿಂದಿನ ಸೀಟುಗಳ ಮೇಲೆ ತೆವಳಿ, ಡಿಕ್ಕಿಯಿಂದ ತಲೆ ಹೊರಹಾಕಿದಾಗ ಹಮಾಲಿಗಳು ಚಪ್ಪಾಳೆ ತಟ್ಟಿದರು. ಬ್ಯಾಟರಿ ತಂತಿ ಕಳಚಿದರು, ಚಕ್ರಗಳಿಗೆ ಮರದ ತುಂಡು ಕೊಟ್ಟರು. ಆ ಮರವನ್ನೂ ಕಾಯಿಸಿ, ಹುಳುವಿಲ್ಲ ಎಂದು ಮುದ್ರೆ ಒತ್ತಿರಬೇಕಂತೆ. ನನಗೂ ಹಳದಿ ಜ್ವರದ ಸೂಜಿ ಚುಚ್ಚಿ ಮುದ್ರೆ ಒತ್ತಿದ್ದರು. ಮರವೂ ನಾನೂ ನಿರೋಗಿಗಳು.

ಪೆಟ್ಟಿಗೆ ರೈಲಿನಲ್ಲಿ ಚೆನ್ನೈಗೆ ಹೋಯಿತು, ಅಲ್ಲಿಂದ ಹಡಗಿನಲ್ಲಿ ಕೊಲಂಬೊಗೆ. ಅಲ್ಲಿ ಬೇರೆ ಹಡಗು ಹತ್ತಬೇಕು. ಅಲ್ಲೇ ಕೂತಿತು.

ಕೊಲಂಬೊ ಪಾಪ ಏನು ಮಾಡೀತು? 2023ರ ನವೆಂಬರಿನಿಂದ ಕೆಂಪು ಸಮುದ್ರದಲ್ಲಿ ಯೆಮೆನಿನ ಹೂತಿ ಬಂಡುಕೋರರು ಹಡಗುಗಳ ಮೇಲೆ ಕ್ಷಿಪಣಿ ಹಾರಿಸುತ್ತಿದ್ದರು. ಯುರೋಪಿನ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾವನ್ನೇ ಸುತ್ತಿ ಹೋಗತೊಡಗಿದವು. ಎಲ್ಲರ ವೇಳಾಪಟ್ಟಿ ಕೆಟ್ಟಿತು, ಬಂದರುಗಳಲ್ಲಿ ಪೆಟ್ಟಿಗೆಗಳ ಗುಡ್ಡ ಬೆಳೆಯಿತು. ಹೀಗೆ ನಾನು ತಲುಪಬೇಕಿದ್ದ ಗುಡ್‌ಹೋಪ್ ಭೂಶಿರಕ್ಕೆ ಪ್ರಪಂಚದ ಹಡಗುಗಳೆಲ್ಲ ಬಯಸದಿದ್ದರೂ ಹೊರಟವು. ಬಯಸಿದ್ದ ನಾನೊಬ್ಬ ಮನೆಯಲ್ಲಿದ್ದೆ.

ಮೊಬೈಲಿನಲ್ಲಿ ಪೆಟ್ಟಿಗೆಯ ನಂಬರು ಹಾಕಿದರೆ ತಲುಪುವ ದಿನ ತೋರಿಸುತ್ತದೆ. ಈ ಶುಕ್ರವಾರ ನೋಡಿದರೆ ಮುಂದಿನ ಶುಕ್ರವಾರ, ಮುಂದಿನ ಶುಕ್ರವಾರ ನೋಡಿದರೆ ಅದರ ಮುಂದಿನದು. ಏಜೆಂಟನಿಗೆ ಫೋನ್ ಮಾಡಿದರೆ, “ಸಾರ್, ಹೊರಟೇ ಬಿಡ್ತು” ಅನ್ನುತ್ತಾನೆ. ಹಾಸಿಗೆಯಲ್ಲಿ ಮಲಗಿಕೊಂಡೇ “ಬಸ್‌ಸ್ಟ್ಯಾಂಡ್ ಹತ್ರ ಇದೀನಿ” ಎನ್ನುವ ನಮ್ಮೂರಿನವರ ದನಿ ನನಗೆ ಗುರುತು ಸಿಗದೆ ಇದ್ದೀತೆ?

ಗಾಡಿಗೆ ಕಾರ್ನೆ ಎಂಬ ದಾಖಲೆ ಬೇಕು. ಈ ಗಾಡಿಯನ್ನು ನಿಮ್ಮ ದೇಶದಲ್ಲಿ ಮಾರದೆ ವಾಪಸು ಒಯ್ಯುತ್ತಾನೆ ಎಂದು ಹೊಣೆ ಹೊರುವ ಪುಸ್ತಕ ಅದು. ಬ್ಯಾಂಕಿನಲ್ಲಿ ಒಳ್ಳೆಯ ಮೊತ್ತ ಒತ್ತೆಯಿಟ್ಟ ಮೇಲೇ ಕೈಗೆ ಬರುವುದು. ಆಯಸ್ಸು ಒಂದೇ ವರ್ಷ. ಜೀಪು ನಿಂತಿದ್ದರೂ ಆ ವರ್ಷ ಓಡುತ್ತಲೇ ಇತ್ತು.

ಮನೆಯ ಕಷ್ಟವೇ ಬೇರೆ. ಒಳ್ಳೆಯ ಅಂಗಿಗಳೆಲ್ಲ ಜೀಪಿನಲ್ಲಿ. ಸಣ್ಣ ಕುಕ್ಕರೂ ಜೀಪಿನಲ್ಲಿ. “ನಮ್ಮ ಕುಕ್ಕರ್ ಫಾರಿನ್‌ಗೆ ಹೋಗಿದೆ, ಸ್ವಲ್ಪ ನಿಮ್ಮದು ಕೊಡ್ತೀರಾ?” ಎಂದು ಹೆಂಡತಿ ಪಕ್ಕದ ಮನೆಯಲ್ಲಿ ಕೇಳುವುದು ನನ್ನ ಕಿವಿಗೂ ಬೀಳುವಷ್ಟು ಜೋರಾಗಿರುತ್ತಿತ್ತು.

ಸಮಾಧಾನ ಹೇಳುವವರಿಗೇನೂ ಬರವಿರಲಿಲ್ಲ. 2021ರ ಮಾರ್ಚಿನಲ್ಲಿ 400 ಮೀಟರ್ ಉದ್ದದ ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡು ಆರು ದಿನ ಲೋಕದ ವ್ಯಾಪಾರ ನಿಲ್ಲಿಸಿದ್ದನ್ನು ಅಕ್ಕನ ಮಗ ವರ್ಣಿಸಿದ. ಹಬ್ಬದ ಹಿಂದಿನ ಸಂಜೆ ನೆಲಮಂಗಲದಲ್ಲಿ ಸಿಕ್ಕಿಕೊಂಡವನಿಗೆ ಸೂಯೆಜ್ ಏನು ಮಹಾ ಎಂದೆ. ಗೆಳೆಯರು ಬೆಳಗಿನ ಜಾವ ಹೊಸಕೋಟೆಯ ದಮ್ ಬಿರಿಯಾನಿಗೆ ಕರೆದೊಯ್ದರು. ಕತ್ತಲಲ್ಲಿ ಅಷ್ಟುದ್ದ ಸಾಲು, ಒಬ್ಬನ ಮುಖದಲ್ಲೂ ಬೇಸರವಿಲ್ಲ. ಯಾಕೆಂದರೆ ಹಂಡೆ ಕಣ್ಣೆದುರಿಗಿತ್ತು. ಏಜೆಂಟನ ಬಳಿ ನನಗೆ ಬೇಕಿದ್ದದ್ದು ಇಷ್ಟೇ, ಹಂಡೆಯ ದರ್ಶನ.

ಅಮ್ಮನಿಗೆ ಮಾತ್ರ ತಡವಾದದ್ದು ಪರಮ ಸಂತೋಷ. ಮೊಂಬಾಸಾದಿಂದ ರೈಲು ಹಳಿ ಹಾಕಲು ಹೋದ ಇಂಡಿಯಾದ ಕೂಲಿಗಳನ್ನು ಸಾವೋ ಎಂಬಲ್ಲಿ ಎರಡು ಸಿಂಹಗಳು ತಿಂದ ಕಥೆಯನ್ನು ಅಕ್ಕನ ಮಗ ಅವಳಿಗೂ ಹೇಳಿಬಿಟ್ಟಿದ್ದ. ನನ್ನ ದಾರಿಯೂ ಅದೇ. “ಘಾಟಿ ಸುಬ್ಬಪ್ಪನೇ ಹಡಗು ಹಿಡ್ಕೊಂಡಿದಾನೆ” ಎಂದಳು. ಅದು 1898ರ ಮಾತು, ಆ ಸಿಂಹಗಳನ್ನು ಆಗಲೇ ಹೊಡೆದುಹಾಕಿದರು ಎಂದೆ. “ಅವಕ್ಕೆ ಮಕ್ಕಳು ಮರಿ ಇರಲ್ವೇನೋ?”

ಕೊನೆಗೆ ನನ್ನನ್ನು ಕಾಪಾಡಿದವರು ಎದುರುಮನೆಯ ಮಗ್ಗದ ಯಜಮಾನರು. ನಮ್ಮೂರಿನ ಅರ್ಧ ಬದುಕು ವಿದ್ಯುತ್ ಮಗ್ಗದ ಮೇಲೆ. “ಕರೆಂಟ್ ಇದ್ರೆ ನೂಲಿರಲ್ಲ, ನೂಲಿದ್ರೆ ಕರೆಂಟಿರಲ್ಲ, ಎರಡೂ ಇದ್ರೆ ಸೀರೆ ಕೇಳೋರಿರಲ್ಲ” ಎಂದರು. “ಹಾಗಂತ ಮಗ್ಗದ ಮುಂದೆ ಕೂತು ಅಳ್ತೀವಾ? ಆಗ ಎಣ್ಣೆ ಬಿಡ್ತೀವಿ, ಮಗಳಿಗೆ ಗಂಡು ನೋಡ್ತೀವಿ. ನಿಲ್ಲೋದೂ ಕೆಲಸದಲ್ಲೇ ಸೇರಿದ್ದು ಕಣಪ್ಪ.” ಅಂದಿನಿಂದ ಮೊಬೈಲು ನೋಡುವುದು ಬಿಟ್ಟೆ. ಮಗಳಿಗೆ ಗಂಡು ನೋಡೋಣವೆಂದರೆ ನನಗೆ ಮಗಳಿಲ್ಲ. ಅವರ ಮಗಳಿಗೇ ನೋಡಲು ಅವರ ಜೊತೆ ವಿಜಯಪುರ, ದೇವನಹಳ್ಳಿ ಸುತ್ತಿದೆ. ನಾಲ್ಕು ಮನೆಯ ಉಪ್ಪಿಟ್ಟು ತಿಂದೆ. ಆಫ್ರಿಕಾಕ್ಕೆ ಹೊರಟವನೆಂದು ಎಲ್ಲ ಕಡೆ ಎರಡನೇ ಸಲ ಬಡಿಸಿದರು.

ಸಂಬಂಧ ಕುದುರುವ ಹೊತ್ತಿಗೆ ಹಡಗೂ ಹೊರಟಿತು. ಈ ಸಲ ಹಾರವಿಲ್ಲ, ಭಾಷಣವಿಲ್ಲ. ಹಿಂದಿನದಕ್ಕೇ ಖರ್ಚಾಗಿದೆ ಎಂದು ಗೆಳೆಯರು ಕೈ ಎತ್ತಿದರು. ವಿಮಾನ ನಿಲ್ದಾಣಕ್ಕೆ ಹೊರಟಾಗ ಅಮ್ಮ ಬಾಗಿಲವರೆಗೆ ಬಂದು ಕಿವಿಯಲ್ಲಿ ಹೇಳಿದಳು: “ಜೀಪು ಕಣ್ಣಿಗೆ ಬಿದ್ದಮೇಲೆ ಫೋನ್ ಮಾಡು. ಅಲ್ಲೀವರೆಗೂ ಯಾರಾದ್ರೂ ಕೇಳಿದ್ರೆ ಸ್ನಾನಕ್ಕೆ ಹೋಗಿದಾನೆ ಅಂತೀನಿ.”