ಸಹಿಯೋ, ಗೀಚೋ?

"ಯಾರೋ ಗೀಚಿದಾರೆ ಸಾರ್, ಐದು ರೂಪಾಯಿ ಕಮ್ಮಿ ಕೊಡಿ" ಎಂದ ಅವೆನ್ಯೂ ರಸ್ತೆಯ ಹಳೇ ಪುಸ್ತಕದವನು. ನೋಡಿದರೆ ಅಮರ ಚಿತ್ರ ಕಥೆಯ 'ಕೃಷ್ಣ'. ಒಳಪುಟದಲ್ಲಿ ನೀಲಿ ಶಾಯಿಯಲ್ಲಿ 'ಅನಂತ ಪೈ'! ನನ್ನ ಎದೆ ಡವಡವ. ಕಾರ್ಕಳದಲ್ಲಿ ಹುಟ್ಟಿ, 1967ರಲ್ಲಿ ಈ ಮಾಲಿಕೆ ಶುರುಮಾಡಿ, ದೇಶದ ಮಕ್ಕಳಿಗೆಲ್ಲ 'ಅಂಕಲ್ ಪೈ' ಆದವರ ಸಹಿಗೆ ಐದು ರೂಪಾಯಿ ರಿಯಾಯಿತಿ!

ಮಾಲಿಕೆಯ ಮೊದಲ ಹತ್ತು ನಂಬರು ಸಿಂಡರೆಲ್ಲಾಳಂಥ ವಿದೇಶಿ ಕಥೆಗಳ ಪಾಲಾಗಿ, ಕೃಷ್ಣನಿಗೆ ಸಿಕ್ಕಿದ್ದು 11. ದೇವಕಿಗೆ ಎಂಟನೆಯವನು, ಇಲ್ಲಿ ಹನ್ನೊಂದನೆಯವನು. ರಾಮ್ ವಾಯೀರ್ಕರ್ ಬರೆದ ಚಿತ್ರಗಳನ್ನು ನೋಡುತ್ತಲೇ ಮನಸ್ಸಿನಲ್ಲಿ ಲಾಭದ ಲೆಕ್ಕ ಹಾಕಿದೆ.

ಸಂಗ್ರಾಹಕ ಮಿತ್ರ ತಣ್ಣೀರೆರಚಿದ: "ಸಾಕ್ಷಿ ಎಲ್ಲಿ? ಅಮೆರಿಕದಲ್ಲಿ ಸಹಿ ಹಾಕುವಾಗ ಪಕ್ಕದಲ್ಲೇ ಒಬ್ಬ ನಿಂತು ನೋಡುತ್ತಾನೆ. ಆಮೇಲೆ ಪುಸ್ತಕವನ್ನು ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲ್ ಮಾಡುತ್ತಾರೆ."

"ಮತ್ತೆ ಓದೋದು ಹೇಗೋ?"

"ಓದೋಕೆ ಯಾರು ತಗೋತಾರೆ?"

ಮನೆಯಲ್ಲಿ ಹೆಂಡತಿ ಹಾಳೆ ತಿರುವುತ್ತಾ, "ಕರಾವಳೀಲಿ ಅನಂತ ಪೈಗಳಿಗೇನು ಬರವೇ?" ಎಂದಳು. ಕೊನೆಯ ಪುಟದಲ್ಲಿ ಅದೇ ಕೈಬರಹ, ಅದೇ ನೀಲಿ ಶಾಯಿ: 'ಅನಂತ ಪೈ, ಆರನೇ ತರಗತಿ, ಬಿ ಸೆಕ್ಷನ್. ಕದ್ದವರ ಕೈ ಸೇದಿಹೋಗಲಿ.' ಒಳಗೆ ಕಂಸನಿಗೆ ಕನ್ನಡಕ, ಪೂತನಿಗೆ ಮೀಸೆ.

ಮಾರುವ ಯೋಚನೆ ಬಿಟ್ಟೆ. ಆ ಮೀಸೆಯ ಮಟ್ಟಿಗೆ ಸಹಿ ಮೂಲ ಕಲಾವಿದನದೇ ತಾನೆ!