ಇಟಲೀಯಾತ್ರಾಯೋಜನಾ ಮೀಮಾಂಸೆ

ಯಾವ ಶಾಸ್ತ್ರವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ಹೇಳಿಕೊಂಡೇ ಮೊದಲಾಗತಕ್ಕದ್ದೆಂಬುದು ವೃದ್ಧಸಂಪ್ರದಾಯವಾದುದರಿಂದ, ಇಟಲಿಯ ಯಾತ್ರೆಗಿಂತಲೂ ಸೂಕ್ಷ್ಮತರವಾದ ಆ ಯಾತ್ರೆಯ ಯೋಜನೆಯನ್ನು ಕುರಿತ ಈ ಪ್ರಬಂಧವೂ ಅದನ್ನು ಮೀರಲಾರದು. ಹತ್ತು ದಿನಗಳ ರಜೆಯೊಳಗೆ ಏಳು ನಗರಗಳನ್ನು ಹುದುಗಿಸುವ ವಿದ್ಯೆಯೇ ಇದರ ವಿಷಯ. ಹೊರಡುವುದಕ್ಕೆ ತಿಂಗಳುಗಳ ಮೊದಲೇ ಪ್ರಯಾಣದ ಆಯಾಸವನ್ನು ಸಂಪಾದಿಸುವುದು ಪ್ರಯೋಜನ. ಯೋಜನೆಗೂ ಯಾತ್ರೆಗೂ ಇರುವ ಸಂಬಂಧ, ಜಾತಕಕ್ಕೂ ದಾಂಪತ್ಯಕ್ಕೂ ಇರುವಷ್ಟೇ.

ಅಧಿಕಾರಿಯ ವಿಚಾರ ಮಾತ್ರ ತುಸು ವಿಸ್ತಾರವನ್ನು ಬೇಡುತ್ತದೆ. ಮಂಜೂರಾದ ರಜೆ, ಅವಧಿ ಮುಗಿಯದ ಪಾಸ್‌ಪೋರ್ಟು, ಬ್ಯಾಂಕಿನಲ್ಲಿ ನಾಲ್ಕು ಕಾಸು, ತನ್ನ ಯಾವ ಸೂಚನೆಗೂ ಸಮ್ಮತಿಸದ ಒಬ್ಬ ಸಹಯಾತ್ರಿ, ಈ ಸಾಧನಚತುಷ್ಟಯದಿಂದ ಸಂಪನ್ನನಾದವನೇ ಇಲ್ಲಿ ಅಧಿಕಾರಿಯೆಂಬುದು ನಮ್ಮ ನಿರ್ಣಯ. ಇಂಥವನು ಮೊದಲು ಷೆಂಗೆನ್ ವೀಸಾಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಎಲ್ಲಿ ತಂಗುವೆ, ಯಾವ ದಿನ ಯಾವ ಊರಿನಲ್ಲಿರುವೆ, 30,000 ಯೂರೋಗಳಿಗೆ ಕಡಮೆಯಿಲ್ಲದ ವೈದ್ಯವಿಮೆ ಇದೆಯೆ ಎಂದು ವೀಸಾ ಕಚೇರಿಯವರು ಕೇಳುವುದರಿಂದ, ಯೋಜನೆಯಿಲ್ಲದೆ ವೀಸಾ ಇಲ್ಲ. ವೀಸಾ ಬರುವುದೆಂಬ ನಿಶ್ಚಯವಿಲ್ಲದೆ ಯೋಜನೆಗೆ ಹಣ ಕಟ್ಟುವ ಧೈರ್ಯವಿಲ್ಲ. ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯದೋಷವೆಂದು ಕರೆದು ಅಲ್ಲಿಗೇ ಬಿಟ್ಟುಬಿಡುವರು. ಗೃಹಸ್ಥನಿಗೆ ಆ ಸೌಕರ್ಯವಿಲ್ಲ.

ಇನ್ನು ವಾರದೋಷಗಳು. ಫ್ಲಾರೆನ್ಸಿನ ಉಫಿಜಿ ಚಿತ್ರಶಾಲೆಯೂ, ದಾವೀದನ ಮೂರ್ತಿಯಿರುವ ಅಕಾಡೆಮಿಯಾವೂ, ರೋಮಿನ ಬೊರ್ಗೀಸೆಯೂ, ಮಿಲಾನಿನಲ್ಲಿ ಲಿಯೊನಾರ್ಡೊನ ‘ಕೊನೆಯ ಭೋಜನ’ವಿರುವ ಭೋಜನಶಾಲೆಯೂ ಸೋಮವಾರ ಬಾಗಿಲು ಹಾಕುತ್ತವೆ. ಸೋಮವಾರವನ್ನು ತಪ್ಪಿಸಿಕೊಂಡು ನೇಪಲ್ಸಿಗೆ ಓಡಿದವನನ್ನು ಅಲ್ಲಿನ ಪುರಾತತ್ತ್ವ ಸಂಗ್ರಹಾಲಯದ ಮಂಗಳವಾರ ಹಿಡಿಯುತ್ತದೆ. ವ್ಯಾಟಿಕನ್ನಿನ ಸಂಗ್ರಹಾಲಯಗಳೋ ಭಾನುವಾರ ಮುಚ್ಚಿದ್ದು, ತಿಂಗಳ ಕೊನೆಯ ಭಾನುವಾರ ಮಾತ್ರ ತೆರೆದು ಪುಕ್ಕಟೆ ಪ್ರವೇಶವನ್ನು ಕೊಡುತ್ತವೆ. ಆದುದರಿಂದ ಸೋಮವಾರ ವ್ಯಾಟಿಕನ್ನಿಗೆ ಹೋಗುವುದೇ ಜಾಣತನವೆಂದು ಸುಲಭವಾಗಿ ಸಿದ್ಧವಾಗುತ್ತದೆ. ಇದೇ ಅನುಮಾನವನ್ನು ಮಾಡಿದ ಸಮಸ್ತ ಜಾಣರನ್ನೂ ಅಂದು ಆ ಸರದಿಯ ಸಾಲಿನಲ್ಲಿ ಒಟ್ಟಿಗೆ ಕಾಣಬಹುದು.

ಕಾಲಮಾನದ ಪ್ರಶ್ನೆ ಇದಕ್ಕಿಂತ ಗಹನ. ಲಿಯೊನಾರ್ಡೊ ಸುಮಾರು 1495ರಿಂದ 1498ರವರೆಗೆ ಒಣಗೋಡೆಯ ಮೇಲೆ ಬರೆದ ‘ಕೊನೆಯ ಭೋಜನ’ ಅವನ ಕಾಲದಲ್ಲಿಯೇ ಉದುರತೊಡಗಿತು. 1943ರ ಬಾಂಬಿಗೆ ಆ ಭೋಜನಶಾಲೆಯ ಮಾಡು ಕುಸಿದರೂ ಗೋಡೆ ಹೇಗೋ ನಿಂತಿತು. ಅದನ್ನು ಸಂಸ್ಕರಿಸುವ ಕೆಲಸ ಎರಡು ದಶಕಗಳ ಕಾಲ ನಡೆದು 1999ರಲ್ಲಿ ಮುಗಿಯಿತು. ಇಷ್ಟೆಲ್ಲವನ್ನೂ ನೋಡಲು ಯಾತ್ರಿಕನಿಗೆ ದೊರೆಯುವ ಸಮಯ ಹದಿನೈದು ನಿಮಿಷ, ಅದಕ್ಕೂ ತಿಂಗಳುಗಳ ಮುಂಚೆ ಟಿಕೆಟು ಕೊಳ್ಳಬೇಕು. ಬೊರ್ಗೀಸೆಯವರು ಉದಾರಿಗಳು, ಎರಡು ಗಂಟೆ ಕೊಡುತ್ತಾರೆ. ಅವಸರಕ್ಕೆ ಶಿಷ್ಟಾಚಾರಪ್ರಮಾಣ ಬೇಕೆನ್ನುವವರು ಗಯಟೆಯನ್ನು ಸ್ಮರಿಸಬಹುದು: ರೋಮಿಗೆ ಹೋಗುವ ಆತುರದಲ್ಲಿ ಆ ಮಹಾಕವಿ 1786ರಲ್ಲಿ ಫ್ಲಾರೆನ್ಸನ್ನು ಕೆಲವೇ ಗಂಟೆಗಳಲ್ಲಿ ಮುಗಿಸಿದನು. ಇದಕ್ಕೆ ಪ್ರತಿಯಾಗಿ ನಿಧಾನವಾಗಿ ನೋಡುವುದರ ಅಪಾಯಕ್ಕೂ ಪ್ರಮಾಣವಿದೆ. ಫ್ರೆಂಚ್ ಲೇಖಕ ಸ್ಟೆಂಡಾಲನು ಅದೇ ಊರಿನ ಸಾಂತಾ ಕ್ರೋಚೆ ಚರ್ಚಿನಿಂದ ಹೊರಬರುವಾಗ ಎದೆ ಡವಗುಟ್ಟಿ, ಬಿದ್ದೇನೋ ಎಂಬ ಭಯದಿಂದ ನಡೆದುದಾಗಿ ಬರೆದುಕೊಂಡಿದ್ದಾನೆ. ಫ್ಲಾರೆನ್ಸಿನ ಮನೋವೈದ್ಯೆ ಗ್ರಾಜಿಯೆಲ್ಲಾ ಮಘೆರೀನಿ ಇಂಥ ರೋಗಿಗಳನ್ನು ಕಂಡು ಆ ವ್ಯಾಧಿಗೆ ಅವನ ಹೆಸರನ್ನೇ ಇಟ್ಟರು. ಏಳು ನಗರಗಳ ಯೋಜನೆಯನ್ನು ಹಿಡಿದು ಹೊರಟವನಿಗೆ ಈ ವ್ಯಾಧಿ ತಗಲುವ ಸಂಭವವಿಲ್ಲ. ಅದು ತಗಲಬೇಕಾದರೆ ಏನನ್ನಾದರೂ ನೋಡಿರಬೇಕಾಗುತ್ತದೆ.

ಪೀಸಾ ನಗರವನ್ನು ಸೇರಿಸಬೇಕೆ? 1173ರಲ್ಲಿ ಮೊದಲಾದ ಅಲ್ಲಿನ ವಾಲುಗೋಪುರವನ್ನು 1990ರಿಂದ 2001ರವರೆಗೆ ಮುಚ್ಚಿ, ಉತ್ತರದ ಮಗ್ಗುಲಿನ ಅಡಿಮಣ್ಣನ್ನು ಬಗೆಬಗೆದು ತೆಗೆದು ಅದರ ವಾಲನ್ನು ತಗ್ಗಿಸಿದವರು ಎಂಜಿನಿಯರುಗಳು. ಆದರೆ ಹುಲ್ಲಿನ ಮೇಲೆ ಅಂಗೈ ಚಾಚಿ ಫೋಟೋಕ್ಕೆ ನಿಲ್ಲುವ ಯಾತ್ರಿಕಸಮೂಹವನ್ನು ಕಂಡರೆ ಆ ಶ್ರೇಯಸ್ಸಿಗೆ ಬೇರೆ ಹಕ್ಕುದಾರರೂ ಇದ್ದಾರೆಂದು ತೋರುತ್ತದೆ. ಬಿಡುವುದು ಲೇಸು.

ಭೋಜನಪ್ರಕರಣದಲ್ಲಿ ಬೊಲೋನ್ಯಾ ನಗರಕ್ಕೆ ಅಗ್ರಪೂಜೆ ಸಲ್ಲಬೇಕು. ಹಿಟ್ಟು, ಮೊಟ್ಟೆಗಳನ್ನು ನಾದಿ ಲಟ್ಟಿಸಿ ಪಟ್ಟಿಗಳಾಗಿ ಕೊಯ್ಯುವ ಟಾಲ್ಯಾಟೆಲ್ಲೆಯ ಅಗಲ ಬೆಂದ ಮೇಲೆ 8 ಮಿಲಿಮೀಟರ್ ಇರತಕ್ಕದ್ದೆಂದೂ, ಅದು ಆ ಊರಿನ ಅಸಿನೆಲ್ಲಿ ಗೋಪುರದ ಎತ್ತರದ 12,270ನೆಯ ಒಂದು ಭಾಗವೆಂದೂ 1972ರಲ್ಲಿ ಅಲ್ಲಿನ ವಾಣಿಜ್ಯಮಂಡಳಿಯಲ್ಲಿ ವಿಧ್ಯುಕ್ತವಾಗಿ ದಾಖಲಿಸಿ, ಚಿನ್ನದ ಒಂದು ಮಾದರಿಯನ್ನೂ ಇಟ್ಟಿದ್ದಾರೆ. ಹೋಮಕುಂಡದ ಇಟ್ಟಿಗೆಗಳಿಗೆ ಶುಲ್ಬಸೂತ್ರವನ್ನು ಬರೆದವರ ವಂಶಜರಾದ ನಾವು ಇದರ ಮುಂದೆ ಕೈಮುಗಿಯದೆ ಇರಲಾರೆವು. ಆ ಪಟ್ಟಿಗಳ ಮೇಲೆ ಸುರಿಯುವ ಮಾಂಸದ ಸಾರಿಗೂ 1982ರಲ್ಲಿ ಇದೇ ಗೌರವ ಸಂದಿದೆ. ಸಸ್ಯಾಹಾರಿಯ ಧರ್ಮಸಂಕಟ ಬೇರೆ ಬಗೆಯದು: ತುರಿದು ಉದುರಿಸುವ ಪಾರ್ಮೀಜಾನೊ ಗಿಣ್ಣಿಗೆ ಹಾಲನ್ನು ಒಡೆಯುವ ಹೆಪ್ಪು ಕರುವಿನ ಜಠರದಿಂದ ಬರುವುದು. ನೇಪಲ್ಸಿನ ಮರಿನಾರಾ ಪಿಜ್ಜಾದಲ್ಲಿ ಗಿಣ್ಣೇ ಇಲ್ಲ, ಟೊಮೇಟೋ ಎಣ್ಣೆ ಬೆಳ್ಳುಳ್ಳಿ ಒರೆಗಾನೊಗಳಷ್ಟೇ ಎಂದು ಸಮಾಧಾನ ಹೇಳಬಹುದು. ಬೆಳ್ಳುಳ್ಳಿಯನ್ನೂ ಬಿಟ್ಟವರಿಗೆ ಈ ಶಾಸ್ತ್ರದಲ್ಲಿ ಹಣ್ಣುಗಳ ವಿಧಿಯಿದೆ. ಮಧ್ಯಾಹ್ನದ ಊಟದ ಮೇಲೆ ಕಪುಚಿನೊ ಕೇಳಬಾರದು. ಕೇಳಿದರೆ ಕೊಡುತ್ತಾರೆ, ಆದರೆ ಕೊಡುವವನ ಮುಖವನ್ನು ನೋಡಬಾರದು.

ಇಲ್ಲಿ ಪೂರ್ವಪಕ್ಷಿ ಎದ್ದು ಕೇಳುವನು: ವೆನಿಸಿನ ಕಡೆಯ ನಿಕೊಲೊ ಕಾಂಟಿ ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದನು, ಬೊಲೋನ್ಯಾದ ವರ್ತೇಮನು ಮುಂದಿನ ಶತಮಾನದ ಆದಿಯಲ್ಲಿ ಅಲ್ಲಿಗೇ ಬಂದನು, ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡನು, ಇವರಲ್ಲಿ ಯಾರು ಮುಂಗಡವಾಗಿ ಟಿಕೆಟು ಕೊಂಡಿದ್ದರು? ದೃಷ್ಟಾಂತ ಸಮವಲ್ಲ. ದೆಲ್ಲಾ ವಾಲ್ಲೆ 1614ರಲ್ಲಿ ಇಟಲಿಯನ್ನು ಬಿಟ್ಟವನು ಮರಳಿ ರೋಮನ್ನು ಕಂಡುದು 1626ರಲ್ಲಿ. ಅಷ್ಟು ರಜೆಯನ್ನು ನಮ್ಮ ಯಾವ ಕಚೇರಿಯೂ ಕೊಡದು. ಆದರೂ ಅವನ ಬರೆಹದಲ್ಲಿರುವ ಒಂದು ಸಂಗತಿಯನ್ನು ಪೂರ್ವಪಕ್ಷಿ ಮರೆತಿದ್ದಾನೆ. ಇಕ್ಕೇರಿಯ ದಾರಿಯಲ್ಲಿ ಹೊರೆಗಳನ್ನು ಕಟ್ಟುವವರೆಗೆ ಬೇರೆ ಕೆಲಸವಿಲ್ಲದೆ ಅವನು ಗುಡಿಯ ಜಗಲಿಯಲ್ಲಿ ಕಾಯುತ್ತ ಕುಳಿತಿದ್ದಾಗ, ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು ಅಚ್ಚರಿಯಿಂದ ಬರೆದಿಟ್ಟನು. ನಮ್ಮ ನಾಡಿನ ಮಕ್ಕಳು ನಾಲ್ಕು ಶತಮಾನಗಳ ಹಿಂದೆ ಹೇಗೆ ಓದುತ್ತಿದ್ದರೆಂಬುದು ನಮಗೆ ಇಷ್ಟು ಚೆನ್ನಾಗಿ ತಿಳಿದಿರುವುದು ಒಬ್ಬ ರೋಮನ್ನನ ಸಾಮಾನು ತಡವಾದುದರಿಂದ.

ಆದುದರಿಂದ ಸಿದ್ಧಾಂತವಿಷ್ಟು. ಹತ್ತು ದಿನಗಳಿಗೆ ರೋಮ್, ಫ್ಲಾರೆನ್ಸ್, ಬೊಲೋನ್ಯಾ ಈ ಮೂರೇ ನಗರಗಳು. ಉಫಿಜಿಗೆ, ಬೊರ್ಗೀಸೆಗೆ, ವ್ಯಾಟಿಕನ್ನಿಗೆ ಟಿಕೆಟುಗಳನ್ನು ಇಂದೇ ಕೊಳ್ಳತಕ್ಕದ್ದು. ಪ್ರತಿದಿನವೂ ಮಧ್ಯಾಹ್ನದಿಂದ ಸಂಜೆಯವರೆಗಿನ ಅಂಕಣವನ್ನು ಬರಿದಾಗಿ ಬಿಡತಕ್ಕದ್ದು, ಅದರಲ್ಲಿ ಸಹಯಾತ್ರಿಯು ಪೀಸಾ ಎಂದು ಬರೆಯದಂತೆ ನೋಡಿಕೊಳ್ಳತಕ್ಕದ್ದು. ವೆನಿಸನ್ನು ಬಿಟ್ಟಿರೆಂದು ಮನೆಯಲ್ಲಿ ಆಕ್ಷೇಪ ಬಂದರೆ, ಬೊಲೋನ್ಯಾದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ.